ಕಾನೂನಿನ ಕೈಗೆ ಸಿಗದ ಕಳ್ಳರು

2000ದ ಮೇ 4ರಂದು ಫಿಲಿಪೈನ್ಸ್ ದೇಶದ ಮನಿಲಾ ನಗರದಿಂದ ಹೊರಟ "ಐ ಲವ್ ಯು" ಎಂಬ ಶೀರ್ಷಿಕೆಯ ಇ-ಮೇಲ್ ಕೆಲವೇ ದಿನಗಳಲ್ಲಿ ಪ್ರಪಂಚದಾದ್ಯಂತ ಲಕ್ಷಾಂತರ ಕಂಪ್ಯೂಟರುಗಳನ್ನು ಕೆಡಿಸಿತು. ಪ್ರೇಮಪತ್ರವೆಂದು ಭ್ರಮಿಸಿ ತೆರೆದವರ ಕಡತಗಳು ಹಾಳಾದವು. ತನಿಖಾಧಿಕಾರಿಗಳು ಜಾಡು ಹಿಡಿದು ಶಂಕಿತ ಯುವಕನ ಮನೆಬಾಗಿಲಿಗೇ ಹೋದರು. ಆದರೂ ಶಿಕ್ಷೆ ಕೊಡಿಸಲಾಗಲಿಲ್ಲ! ಅಂತಹ ಕೃತ್ಯವನ್ನು ಅಪರಾಧವೆಂದು ಸಾರುವ ಕಾನೂನೇ ಆಗ ಆ ದೇಶದಲ್ಲಿರಲಿಲ್ಲ. ಮರುತಿಂಗಳು ಕಾನೂನೇನೋ ಬಂದಿತು. ಆದರೆ ಹಿಂದೆ ನಡೆದುಹೋದ ಕೃತ್ಯಕ್ಕೆ ಅದು ಅನ್ವಯಿಸುವಂತಿರಲಿಲ್ಲ. ನಮ್ಮ ಸಂವಿಧಾನದ 20ನೆಯ ವಿಧಿಯಲ್ಲಿರುವುದೂ ಇದೇ ನ್ಯಾಯ.

ಅದೇ ವರ್ಷ ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದಿತು. ಆದಕಾರಣ ಕಾನೂನಿಲ್ಲವೆಂದು ನಾವು ದೂರುವಂತಿಲ್ಲ. ಕಂಪ್ಯೂಟರ್ ಅಥವಾ ಮೊಬೈಲ್ ಮೂಲಕ ಬೇರೊಬ್ಬರ ಸೋಗು ಹಾಕಿ ವಂಚಿಸಿದವನಿಗೆ 66ಡಿ ಕಲಂ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸವುಂಟು. ಭಾರತದಲ್ಲಿರುವ ಕಂಪ್ಯೂಟರ್ ಆ ಕೃತ್ಯಕ್ಕೆ ಒಳಪಟ್ಟಿದ್ದರೆ ವಿದೇಶದಲ್ಲಿ ಕುಳಿತವನಿಗೂ ಈ ಕಾಯ್ದೆ ಅನ್ವಯಿಸುತ್ತದೆಂದು 75ನೆಯ ಕಲಂ ಹೇಳುತ್ತದೆ. ಕಾಗದದ ಮೇಲೆ ಕಾನೂನಿನ ಕೈ ಬಹಳ ಉದ್ದ!

ತೊಡಕಿರುವುದು ಹಿಡಿಯುವಲ್ಲಿ. ನಿವೃತ್ತ ಶಿಕ್ಷಕರೊಬ್ಬರಿಗೆ ಪೊಲೀಸ್ ಸಮವಸ್ತ್ರ ತೊಟ್ಟವನೊಬ್ಬ ವೀಡಿಯೊ ಕರೆ ಮಾಡಿ, "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎಂದು ಬೆದರಿಸಿ ಪಿಂಚಣಿ ಹಣವನ್ನೆಲ್ಲ ಕಿತ್ತುಕೊಂಡನೆಂದು ಭಾವಿಸಿ. (ಅಂತಹ ಬಂಧನ ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ.) ಕರೆ ಮಾಡಿದವನು ಕಾಂಬೋಡಿಯಾದಲ್ಲಿರಬಹುದು, ಸಿಮ್ ಕಾರ್ಡ್ ಏನೂ ಅರಿಯದ ಕೂಲಿಕಾರನ ಹೆಸರಿನಲ್ಲಿರಬಹುದು. ನೌಕರಿಯ ಆಸೆ ತೋರಿಸಿ ಕರೆದೊಯ್ದ ನಮ್ಮ ಯುವಕರನ್ನೇ ಅಲ್ಲಿ ಕೂಡಿಹಾಕಿ ಇಂತಹ ಕರೆ ಮಾಡಿಸಿದ ಉದಾಹರಣೆಗಳಿವೆ. ಹಾಗಾದರೆ ಆ ಧ್ವನಿ ಅಪರಾಧಿಯದೋ, ಬಲಿಪಶುವಿನದೋ?

ಹಣ ನಿಮಿಷಾರ್ಧದಲ್ಲಿ ಹತ್ತಾರು ಖಾತೆಗಳನ್ನು ದಾಟಿರುತ್ತದೆ. ಅತ್ತ ವಿದೇಶದಿಂದ ಸಾಕ್ಷ್ಯ ತರಿಸಬೇಕಾದರೆ ನ್ಯಾಯಾಲಯದ ಕೋರಿಕೆ ಪತ್ರ ಕೇಂದ್ರ ಗೃಹ ಸಚಿವಾಲಯದ ಮೂಲಕ ಆ ದೇಶಕ್ಕೆ ಹೋಗಿ, ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತವೆ. ಈ ಸಹಕಾರವನ್ನು ಚುರುಕುಗೊಳಿಸಲು ರೂಪುಗೊಂಡ 2001ರ ಬುಡಾಪೆಸ್ಟ್ ಒಡಂಬಡಿಕೆಗೆ ಭಾರತ ಸೇರಿಲ್ಲ. ಸಾಕ್ಷ್ಯ ಕೈಸೇರಿದರೂ ಸಾಲದು. ಅದರ ಪ್ರತಿಯನ್ನು ನ್ಯಾಯಾಲಯ ಒಪ್ಪಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಮೇಲಾಗಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ತನಿಖೆ ನಡೆಸುವವರು ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇರಬಾರದು. ಅಷ್ಟು ಅಧಿಕಾರಿಗಳನ್ನು ಎಲ್ಲಿಂದ ತರುವುದು?

ಹೀಗಾಗಿ ಮೊದಲು ಸಿಕ್ಕಿಬೀಳುವವನು ಸೂತ್ರಧಾರನಲ್ಲ, ಕೆಲವು ಸಾವಿರ ರೂಪಾಯಿಯ ಆಸೆಗೆ ತನ್ನ ಬ್ಯಾಂಕ್ ಖಾತೆಯನ್ನು ಪರರ ಬಳಕೆಗೆ ಕೊಟ್ಟ ಹುಡುಗ. ಪಾಸ್‌ಬುಕ್ ಮತ್ತು ಎಟಿಎಂ ಕಾರ್ಡನ್ನು "ಸ್ನೇಹಿತನಿಗೆ" ಕೊಟ್ಟಿರುವ ಮಕ್ಕಳು ನಮ್ಮ ಮನೆಗಳಲ್ಲಿಯೂ ಇರಬಹುದು. ತಂದೆತಾಯಿಗಳು ಒಮ್ಮೆ ವಿಚಾರಿಸುವುದು ಲೇಸು.

ಹಣ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ ಅದನ್ನು ಅಲ್ಲಿಯೇ ತಡೆಹಿಡಿಯಲು ಸಾಧ್ಯ. ಕರೆ ಮಾಡುವಾಗ ವಹಿವಾಟಿನ ಸಂಖ್ಯೆ, ದಿನಾಂಕ ಮತ್ತು ಮೊತ್ತದ ವಿವರ ಕೈಯಲ್ಲಿರಲಿ. ಮೊಬೈಲಿಗೆ ಬಂದ ಸಂದೇಶಗಳನ್ನು ಅಳಿಸಬೇಡಿ.