ಕೂದಲ ಹಗ್ಗ, ಟಾರಿನ ಡಬ್ಬ: ನಗರದಲ್ಲಿ ನಮ್ಮತನ ಹುಡುಕುವ ಕಲೆ

ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಗೊರೂರಿನ ಅಣೆಕಟ್ಟು ದಾಟಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಆ ಕಾವೇರಿಯನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ, ಮೂರು ಹಂತಗಳಲ್ಲಿ ಪಂಪು ಮಾಡಿ, ಸುಮಾರು 100 ಕಿ.ಮೀ. ಆಚೆಯ ಬೆಂಗಳೂರಿಗೆ ಏರಿಸುತ್ತಾರೆ. ನೀರು ಹೋದ ಕಡೆಗೇ ಜನರೂ ಹೋಗಿದ್ದಾರೆ. 2001ರಿಂದ 2011ರೊಳಗೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಅದೇ ಹತ್ತು ವರ್ಷದಲ್ಲಿ ಚಿಕ್ಕಮಗಳೂರು ಜಿಲ್ಲೆಯದು 11.41 ಲಕ್ಷದಿಂದ 11.38 ಲಕ್ಷಕ್ಕೆ ಇಳಿಯಿತು. ಜಾವಳಿ, ಬಣಕಲ್, ಕಳಸದ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ತೋಟದಲ್ಲಿದ್ದಾರೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ.

ಹೀಗೆ ಹೋದವರು ಅಲ್ಲಿ ಯಾರಾಗುತ್ತಾರೆ? ಊರಿನ ಭಾಷೆ, ಊಟ, ದೈವ, ಜಾತಿ, ನೆನಪು ಎಲ್ಲವೂ ಒಂದು ಬಾಡಿಗೆ ಮನೆಯೊಳಗೆ ಹೊಸ ರೂಪ ಪಡೆಯುವಾಗ ಆ ಬದಲಾವಣೆಯನ್ನು ಬರೆದಿಡುವವರು ಯಾರು? ಸರ್ಕಾರಿ ಕಡತಕ್ಕೆ ಅದು ಸಿಗದು. ಅದನ್ನು ಹಿಡಿಯಬಲ್ಲದ್ದು ಕಲೆ ಮಾತ್ರ. ಕಳೆದ ಮೂರು ದಶಕಗಳಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡಿದ ಕೆಲವು ಕಲಾವಿದರು ಇದನ್ನು ಮಾಡಿ ತೋರಿಸಿದ್ದಾರೆ. ಅವರ ಕೃತಿಗಳನ್ನು ಲಂಡನ್, ವೆನಿಸ್‌ನವರು ನೋಡಿದಷ್ಟು ನಮ್ಮ ಜಿಲ್ಲೆಯವರು ನೋಡಿಲ್ಲ. ಆ ಕೊರತೆ ತುಂಬಲೇಬೇಕು.

ಭದ್ರಾವತಿಯಿಂದ ವೆನಿಸ್‌ವರೆಗೆ

ಕಳಸವನ್ನು ಬಳಸಿ ಹರಿಯುವ ಭದ್ರೆಯ ದಡದಲ್ಲೇ ಕೆಳಗೆ ಭದ್ರಾವತಿ ಇದೆ. ಕೆಮ್ಮಣ್ಣುಗುಂಡಿಯ ಅದಿರು ಕರಗಿ ಕಬ್ಬಿಣವಾದ ಊರು ಅದು. ಶೀಲಾ ಗೌಡ ಹುಟ್ಟಿದ್ದು ಅಲ್ಲಿ, 1957ರಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತು, ಶಾಂತಿನಿಕೇತನಕ್ಕೆ ಹೋಗಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದು ಮುಗಿಸಿ, ಮತ್ತೆ ಬೆಂಗಳೂರಿಗೇ ಬಂದು ನೆಲೆಸಿದರು. ಮೊದಲು ಅವರು ಚಿತ್ರ ಬರೆಯುತ್ತಿದ್ದರು. 1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಉರುಳಿ, ಮುಂಬೈಯಲ್ಲಿ ಗಲಭೆಯ ರಕ್ತ ಹರಿದ ಆ ಹೊತ್ತಿನಲ್ಲಿ ಕ್ಯಾನ್‌ವಾಸು, ಎಣ್ಣೆಬಣ್ಣ ಅವರಿಗೆ ಸಾಲದಾಯಿತು. ಅವರು ಸಗಣಿಯನ್ನು ಕೈಗೆತ್ತಿಕೊಂಡರು.

ಸಗಣಿ ನಮ್ಮ ಅಂಗಳ ಸಾರಿಸುವ ವಸ್ತು, ಪೂಜೆಗೆ ಬರುವ ವಸ್ತು, ಬೆರಣಿಯಾಗಿ ಒಲೆ ಹೊತ್ತಿಸುವ ವಸ್ತು. ಅದೇ ಕಾಲಕ್ಕೆ ಗೋವಿನ ಹೆಸರಿನಲ್ಲಿ ರಾಜಕೀಯವೂ ಬೆಳೆಯುತ್ತಿತ್ತು. ಒಂದು ಹಿಡಿ ಸಗಣಿಯಲ್ಲಿ ಹೆಂಗಸರ ದುಡಿಮೆ, ಭಕ್ತಿ, ಹಿಂಸೆ ಮೂರೂ ಬೆರೆತಿರುವುದನ್ನು ಅವರು ಕಂಡರು. ಭಾಷಣದಿಂದ ಹೇಳಲಾಗದ್ದನ್ನು ಆ ವಸ್ತುವೇ ಹೇಳಿತು.

1998ರ ಸುಮಾರಿಗೆ ಅವರು ಮಾಡಿದ ಕೃತಿಯೊಂದರಲ್ಲಿ ಇರುವುದು ನೂಲು, ಸೂಜಿ, ಕುಂಕುಮ ಮತ್ತು ಅಂಟು. ನೂರಾರು ಅಡಿ ಉದ್ದದ ನೂಲಿನ ಎಳೆಗಳನ್ನು ಒಂದೊಂದಾಗಿ ಸೂಜಿಯ ಕಣ್ಣಿಗೆ ಪೋಣಿಸಿ, ಎಲ್ಲವನ್ನೂ ಸೇರಿಸಿ ಕುಂಕುಮ ಬೆರೆಸಿದ ಅಂಟು ಸವರಿದ ಕೆಂಪು ಹಗ್ಗ. ಅದು ಕೋಣೆಯ ಗೋಡೆ, ನೆಲಗಳ ಮೇಲೆ ಹರಿದು, ತುದಿಯಲ್ಲಿ ಸೂಜಿಗಳ ಗೊಂಚಲಾಗಿ ನಿಲ್ಲುತ್ತದೆ. ಮನೆಯೊಳಗೆ ಕೂತು ಹೊಲಿಯುವ ಹೆಂಗಸಿನ ತಾಳ್ಮೆಯೂ ನೋವೂ ಅದರಲ್ಲಿ ಒಟ್ಟಿಗೇ ಕಾಣುತ್ತವೆ.

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತವರೆಲ್ಲ ಲಾರಿ, ಕಾರುಗಳ ಬಂಪರಿಗೆ ಕಟ್ಟಿದ ಕರಿ ಹಗ್ಗವನ್ನು ನೋಡಿರುತ್ತಾರೆ. ದೃಷ್ಟಿ ತಾಗದಿರಲೆಂದು ಕಟ್ಟುವ, ಮನುಷ್ಯರ ಕೂದಲಿನಿಂದ ಹೊಸೆದ ಹಗ್ಗ ಅದು. 2009ರಲ್ಲಿ ವೆನಿಸ್ ಬಿನಾಲೆ ಎಂಬ ಕಲಾಪ್ರದರ್ಶನಕ್ಕೆ ಶೀಲಾ ಗೌಡ ಕೊಂಡೊಯ್ದದ್ದು ಇದನ್ನೇ. ಸುಮಾರು 4 ಕಿ.ಮೀ. ಉದ್ದದ ಕೂದಲ ಹಗ್ಗ, ಅದರ ಕುಣಿಕೆಗಳಲ್ಲಿ ನೇತಾಡುವ ಹೊಳೆಯುವ ಸ್ಟೀಲು ಬಂಪರುಗಳು. ಈಗ ಅದು ಲಂಡನ್ನಿನ ಟೇಟ್ ಕಲಾಸಂಸ್ಥೆಯ ಸಂಗ್ರಹದಲ್ಲಿದೆ. ಹರಕೆಗೆ ಕೊಟ್ಟ ಮುಡಿ, ಸಾಲ ಮಾಡಿ ಕೊಂಡ ವಾಹನ, ದಾರಿಯ ಭಯ, ಎಲ್ಲವೂ ಆ ಒಂದು ಗಂಟಿನಲ್ಲಿವೆ. ಹಳೆಯ ನಂಬಿಕೆ ನಗರಕ್ಕೆ ಬಂದು ಸತ್ತುಹೋಗಲಿಲ್ಲ, ಬಂಪರಿಗೆ ಸುತ್ತಿಕೊಂಡಿತು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಕೃತಿ ಕರ್ನಾಟಕದಲ್ಲಿ ಇನ್ನೊಂದಿಲ್ಲ.

2006ರ ಮತ್ತೊಂದು ಕೃತಿಗೆ ಅವರು ಆರಿಸಿಕೊಂಡದ್ದು ಟಾರಿನ ಡಬ್ಬ. ರಸ್ತೆ ಕೆಲಸಕ್ಕೆ ಬಂದ ಕೂಲಿಕಾರರು ಖಾಲಿ ಡಬ್ಬಗಳನ್ನು ಸೀಳಿ, ತಟ್ಟಿ, ಗುಡಿಸಲು ಮಾಡಿಕೊಳ್ಳುತ್ತಾರೆ. ಅಂಥ ಡಬ್ಬಗಳಿಂದಲೇ ಕಟ್ಟಿದ ಆ ಕೋಣೆಯೊಳಗೆ ಬಗ್ಗಿ ಹೋಗಬೇಕು. ಒಳಗೆ ಕತ್ತಲು. ಮೇಲೆ ತೂತುಗಳಿಂದ ಇಳಿಯುವ ಬೆಳಕು ನಕ್ಷತ್ರದಂತೆ ಕಾಣುತ್ತದೆ. ನಗರ ಕಟ್ಟುವವರಿಗೆ ನಗರದಲ್ಲಿ ಸಿಗುವ ಮನೆ ಎಂಥದು ಎಂಬುದು ಬಗ್ಗಿದ ಬೆನ್ನಿಗೇ ಅರ್ಥವಾಗುತ್ತದೆ.

ವೇಷ ತೊಟ್ಟು ಪ್ರಶ್ನೆ ಕೇಳಿದವರು

ಬೆಂಗಳೂರಿನಲ್ಲೇ ಹುಟ್ಟಿದ ಎನ್. ಪುಷ್ಪಮಾಲಾ ಇನ್ನೊಂದು ದಾರಿ ಹಿಡಿದರು. ಶಿಲ್ಪಿಯಾಗಿ ಹೆಸರಾಗಿದ್ದ ಅವರು 1990ರ ದಶಕದಲ್ಲಿ ತಾವೇ ವೇಷ ತೊಟ್ಟು ಕ್ಯಾಮೆರಾದ ಮುಂದೆ ನಿಂತರು. ಬೆಂಗಳೂರಿನಲ್ಲಿ ನೆಲೆಸಿದ್ದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಅವರು ಮಾಡಿದ ಸರಣಿಯ ವಿಷಯ ದಕ್ಷಿಣ ಭಾರತದ ಹೆಣ್ಣು. ರವಿವರ್ಮನ ಲಕ್ಷ್ಮಿ, ಹಳೆಯ ಸಿನಿಮಾದ ನಾಯಕಿ, ಪೊಲೀಸರ ಕೈಗೆ ಸಿಕ್ಕವಳೆಂದು ಪತ್ರಿಕೆಯಲ್ಲಿ ಬಂದ ಹೆಂಗಸು, ವಸಾಹತು ಕಾಲದ ಅಧಿಕಾರಿಗಳು ಮೈಯಳತೆ ತೆಗೆಯಲು ಚೌಕುಳಿ ಪರದೆಯ ಮುಂದೆ ನಿಲ್ಲಿಸಿದ ಬುಡಕಟ್ಟಿನ ಹೆಂಗಸು, ಎಲ್ಲರ ಜಾಗದಲ್ಲೂ ಪುಷ್ಪಮಾಲಾ ಇದ್ದಾರೆ. ನಮ್ಮ ಸಂಸ್ಕೃತಿ, ನಮ್ಮ ಹೆಣ್ಣು ಎಂದು ನಾವು ತೋರಿಸುವ ಚಿತ್ರವನ್ನು ಯಾರು ಬರೆದರು, ಯಾರಿಗಾಗಿ ಬರೆದರು ಎಂದು ಆ ಸರಣಿ ಕೇಳುತ್ತದೆ. ಮಲೆನಾಡಿನವರೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು.

ಮೈಸೂರಿನ ಕಲಾಶಾಲೆ ಕಾವಾದಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ ಅವರಿಗೆ ಗ್ಯಾಲರಿಯೇ ಬೇಡವಾಯಿತು. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಳಗೆ ಅವರು ಮೊಸಳೆ ಇಳಿಸಿದರು. 2019ರಲ್ಲಿ ಹೆಗ್ಗನಹಳ್ಳಿ ಕಡೆಯ ಹದಗೆಟ್ಟ ರಸ್ತೆಯ ಮೇಲೆ ಗಗನಯಾತ್ರಿಯನ್ನು ನಡೆಸಿ, ಚಂದ್ರನ ನೆಲದಂತೆ ವಿಡಿಯೊ ತೆಗೆದರು. ಪಾಲಿಕೆ ಎರಡೂ ಕಡೆ ರಸ್ತೆ ದುರಸ್ತಿಗೆ ಓಡಿಬಂತು. 2016ರಲ್ಲಿ ಶುರುವಾದ ಅರವಾಣಿ ಆರ್ಟ್ ಪ್ರಾಜೆಕ್ಟ್ ಲಿಂಗತ್ವ ಅಲ್ಪಸಂಖ್ಯಾತರ ಕೈಗೆ ಕುಂಚ ಕೊಟ್ಟಿತು. ಸಿಗ್ನಲ್ಲಿನಲ್ಲಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ನಗರ, ಅವರು ಬರೆದ ದೊಡ್ಡ ಮುಖಗಳನ್ನು ಗೋಡೆಯ ಮೇಲೆ ತಲೆಯೆತ್ತಿ ನೋಡಬೇಕಾಯಿತು.

ಈ ಕೆಲಸಗಳಿಗೆ ಬೇಕಾದದ್ದು ಜಾಗ. ಸುರೇಶ್ ಜಯರಾಂ 2003ರಲ್ಲಿ ಶಾಂತಿನಗರದ ತಮ್ಮ ಮನೆಯನ್ನೇ ಕಲಾವಿದರಿಗೆ ತೆರೆದರು. ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ಜನವರಿಯ ಭಾನುವಾರವೊಂದರಲ್ಲಿ ಕುಮಾರಕೃಪಾ ರಸ್ತೆಯನ್ನೇ ಚಿತ್ರಸಂತೆ ಮಾಡುತ್ತಿದೆ. ಅಲ್ಲಿ ಫುಟ್‌ಪಾತಿನ ಮೇಲೆ ಚಿತ್ರ ಹರಡಿ ಕೂತವರಲ್ಲಿ ಹಳ್ಳಿ, ಸಣ್ಣ ಊರುಗಳಿಂದ ಬಂದವರು ಬಹಳ.

ಬೆಟ್ಟದ ಬದಲಾವಣೆ ಬರೆಯುವವರು

ಬದಲಾವಣೆಯನ್ನು ಹೀಗೆ ಬರೆದಿಡುವುದು ಮೂಡಿಗೆರೆಗೆ ತೀರ ಹೊಸತಲ್ಲ. ಮೈಸೂರು ಬಿಟ್ಟು ಇಲ್ಲಿಗೆ ಬಂದ ಪೂರ್ಣಚಂದ್ರ ತೇಜಸ್ವಿ ಕೋವಿ, ಗಾಳ, ಕ್ಯಾಮೆರಾ ಹಿಡಿದು ಈ ಊರುಗಳ ಸಂತೆ, ಪೋಸ್ಟಾಫೀಸು, ಗ್ಯಾರೇಜು, ತೋಟಗಳನ್ನೇ ಬರೆದರು. ಅವರ ಕಾಲ್ಪನಿಕ ಅಬಚೂರಿನಲ್ಲಿ ನಡೆಯುವ ಹಿಂದೂ–ಮುಸ್ಲಿಂ ಹುಡುಗರ ಕಥೆಯನ್ನು ಅವರ ಓದುಗರೇ ಹಣ ಕೂಡಿಸಿ 'ಡೇರ್‌ಡೆವಿಲ್ ಮುಸ್ತಾಫಾ' ಎಂಬ ಸಿನಿಮಾ ಮಾಡಿ 2023ರಲ್ಲಿ ತೆರೆಗೆ ತಂದರು. ಸಣ್ಣ ಊರಿನ ಕಥೆ ನಗರದ ಥಿಯೇಟರುಗಳಲ್ಲಿ ಜನರನ್ನು ಸೇರಿಸಿತು.

ಆದರೆ ಚಿತ್ರ, ಶಿಲ್ಪದ ವಿಷಯಕ್ಕೆ ಬಂದರೆ ಮಲೆನಾಡು ಇನ್ನೂ ಕ್ಯಾಲೆಂಡರಿನ ಮಲೆನಾಡೇ. ಮಂಜು, ಗುಡ್ಡ, ಹೆಂಚಿನ ಮನೆ, ತಲೆಗೆ ಬಟ್ಟೆ ಕಟ್ಟಿ ನಗುತ್ತ ಕಾಫಿ ಹಣ್ಣು ಕೊಯ್ಯುವ ಹೆಂಗಸು. ಹೋಂಸ್ಟೇ ಗೋಡೆಗೆ ಬೇಕಾದದ್ದು ಅಷ್ಟೆ. ಇಂದಿನ ಬೆಟ್ಟ ಹಾಗಿಲ್ಲ. ತೋಟದ ಕೂಲಿಕಾರರ ಲೈನ್‌ಮನೆಗಳಲ್ಲಿ ಕನ್ನಡ, ತುಳು, ತಮಿಳಿನ ಜೊತೆಗೆ ಅಸ್ಸಾಮಿನಿಂದ ಬಂದವರ ಮಾತೂ ಕೇಳುತ್ತದೆ. ಕಂಬಳಿಕೊಪ್ಪೆಯ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಗದ್ದೆ ಪಾಳು ಬಿದ್ದಿದೆ ಅಥವಾ ಅಡಿಕೆಯಾಗಿದೆ. 2019ರ ಆಗಸ್ಟ್ ಮಳೆಯಲ್ಲಿ ಗುಡ್ಡ ಜಾರಿ ಮನೆ ಕಳೆದುಕೊಂಡವರಿದ್ದಾರೆ. ಕಾಫಿ ಚೀಲ, ಪಲ್ಪರಿನ ತುಕ್ಕು, ಮಣ್ಣು ಮುಚ್ಚಿದ ಹೆಂಚು, ಮೆಣಸು ಕೊಯ್ಯುವ ಏಣಿ, ಇವೆಲ್ಲ ಕೈಗೆಟಕುವ ವಸ್ತುಗಳು. ಶೀಲಾ ಗೌಡರು ಕೂದಲ ಹಗ್ಗವನ್ನು ನೋಡಿದ ಕಣ್ಣಿನಿಂದ ಇವುಗಳನ್ನು ನೋಡುವ ಹುಡುಗ ಹುಡುಗಿಯರು ಇಲ್ಲಿಂದಲೇ ಬರಬೇಕು.

ತನ್ನತನವೆಂದರೆ ಪೆಟ್ಟಿಗೆಯಲ್ಲಿಟ್ಟು ವರ್ಷಕ್ಕೊಮ್ಮೆ ತೆಗೆಯುವ ಜರಿಸೀರೆಯಲ್ಲ. ದಿನವೂ ಬಳಸಿ, ಹರಿದು, ತೇಪೆ ಹಾಕಿಸಿಕೊಳ್ಳುವ ಬದುಕೇ ಅದು. ಆ ತೇಪೆಯನ್ನು ಮುಚ್ಚದೆ ತೋರಿಸಿದ ಕಲೆಯೇ ಬದಲಾವಣೆಯ ನಿಜವಾದ ದಾಖಲೆ.

ಆದ್ದರಿಂದ ಒಂದು ಕೋರಿಕೆ. ನಿಮ್ಮ ಮನೆಯ ಮಗು ಚಿತ್ರಕಲೆ ಓದುತ್ತೇನೆ ಎಂದರೆ ತಡೆಯಬೇಡಿ. ಮುಂದಿನ ಚಿತ್ರಸಂತೆಗೆ ಆ ಮಗುವನ್ನು ಕರೆದುಕೊಂಡು ಹೋಗಿ. ಶಾಲೆಯ ಚಿತ್ರಕಲಾ ಮೇಷ್ಟರೇ, ಈ ಸಲ ಎರಡು ಗುಡ್ಡಗಳ ನಡುವಿನ ಸೂರ್ಯನನ್ನು ಬಿಟ್ಟುಬಿಡಿ. ಮಕ್ಕಳಿಗೆ ಅವರ ಕಣ, ಅವರ ಲೈನ್‌ಮನೆ, ಅವರ ಬಸ್‌ಸ್ಟ್ಯಾಂಡು ಬರೆಯಲು ಹೇಳಿ. ತೋಟದ ಮಾಲೀಕರೇ, ನಿಮ್ಮ ಖಾಲಿ ಗೋದಾಮನ್ನು ವರ್ಷಕ್ಕೆ ಒಂದು ವಾರ ಆ ಚಿತ್ರಗಳಿಗೆ ಬಿಟ್ಟುಕೊಡಿ.