ಉಸಿರು ಹಿಡಿದು ನೀರಿಗಿಳಿಯುವ ಮುನ್ನ

ಕಳೆದ ಬೇಸಿಗೆಯಲ್ಲಿ ಭಕ್ತರೊಬ್ಬರು ತಮ್ಮ ಮಗನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ತೋಟದ ಬಾವಿಯ ಮೆಟ್ಟಿಲ ಮೇಲೆ ಕುಳಿತು ರಭಸದಿಂದ ಭಸ್ತ್ರಿಕೆ ಮಾಡಿ, ಉಸಿರು ಹಿಡಿದು ಮುಳುಗಿದ್ದ ಆತ ನೀರಿನಲ್ಲಿಯೇ ಪ್ರಜ್ಞೆ ತಪ್ಪಿದ್ದನು. ಗೆಳೆಯರು ಕೂಡಲೇ ಮೇಲೆತ್ತಿ ಆಸ್ಪತ್ರೆಗೆ ಒಯ್ದುದರಿಂದ ಜೀವ ಉಳಿದಿತ್ತು. “ದಿನಾ ಪ್ರಾಣಾಯಾಮ ಮಾಡ್ತಾನ್ರಿ, ಹಿಂಗ್ಯಾಕ ಆತ್ರಿ ಡಾಕ್ಟ್ರ?” ಎಂದು ತಂದೆ ಕೇಳಿದರು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಗಾಳಿಯ ಸಿಲಿಂಡರಿನ ನೆರವಿಲ್ಲದೆ ಒಂದೇ ಉಸಿರಿನಲ್ಲಿ ಮುಳುಗಿ ಬರುವ ವಿದ್ಯೆಗೆ ‘ಫ್ರೀಡೈವಿಂಗ್’ ಎಂದು ಹೆಸರು. ಜಪಾನಿನ ಅಮಾ ಸ್ತ್ರೀಯರು, ಕೊರಿಯದ ಜೇಜು ದ್ವೀಪದ ಹೇನ್ಯೊ ಸ್ತ್ರೀಯರು ಇದನ್ನೇ ಜೀವನೋಪಾಯ ಮಾಡಿಕೊಂಡವರು. 1976ರಲ್ಲಿ ಇಟಲಿಯ ಎಲ್ಬಾ ದ್ವೀಪದ ಬಳಿ 100 ಮೀಟರ್ ಆಳ ಮುಟ್ಟಿದ ಫ್ರಾನ್ಸಿನ ಜಾಕ್ ಮಾಯೋಲ್ ಯೋಗಾಭ್ಯಾಸಿಯಾಗಿದ್ದರು. ಯೋಗಕ್ಕೂ ಈ ವಿದ್ಯೆಗೂ ನಂಟಿರುವುದು ನಿಜ. ಆ ನಂಟನ್ನು ತಪ್ಪಾಗಿ ತಿಳಿದರೆ ಮಾತ್ರ ಪ್ರಾಣಾಪಾಯ.

ಉಸಿರಾಡಬೇಕೆಂಬ ತವಕವನ್ನು ಮುಖ್ಯವಾಗಿ ಹುಟ್ಟಿಸುವುದು ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಹೆಚ್ಚುವ ಇಂಗಾಲದ ಡೈಆಕ್ಸೈಡ್. ಭಸ್ತ್ರಿಕೆ, ಕಪಾಲಭಾತಿಗಳಂತಹ ವೇಗದ ಉಸಿರಾಟವು ಅದನ್ನು ಹೊರಹಾಕುತ್ತದೆಯೇ ಹೊರತು ಆಮ್ಲಜನಕವನ್ನು ಅಷ್ಟಾಗಿ ಹೆಚ್ಚಿಸುವುದಿಲ್ಲ. ಹೀಗಾಗಿ ತವಕ ಹುಟ್ಟುವ ಮೊದಲೇ ಆಮ್ಲಜನಕ ಕುಗ್ಗಿ, ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಆದ್ದರಿಂದ ಮುಳುಗುವ ಮುನ್ನ ಈ ಅಭ್ಯಾಸಗಳು ಸಲ್ಲವು. ಸಹಜವಾದ ಶಾಂತ ಉಸಿರಾಟವೇ ಸಾಕು. ಶ್ರಮದಿಂದುಂಟಾದ ಶ್ವಾಸವನ್ನು ಚರಕಾಚಾರ್ಯರು ತಡೆಯಬಾರದ ಹದಿಮೂರು ವೇಗಗಳಲ್ಲಿ ಎಣಿಸಿದ್ದಾರೆ. ಈಜಿ ಏದುಸಿರು ಬಿಡುತ್ತಿರುವಾಗ ಉಸಿರು ಕಟ್ಟಿ ಮುಳುಗುವುದು ಈ ವಿವೇಕಕ್ಕೂ ವಿರುದ್ಧ.

ಕಲಿಯಬಯಸುವವರಿಗೆ ಮೊದಲು ಈಜು ಚೆನ್ನಾಗಿ ಬರಬೇಕು. ಆಮೇಲೆ ಈ ವಿದ್ಯೆಯಲ್ಲಿ ತರಬೇತಿ ಪಡೆದ ಶಿಕ್ಷಕರಲ್ಲಿ, ಈಜುಕೊಳದಿಂದಲೇ ಆರಂಭಿಸಬೇಕು. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಇಮ್ಮಡಿಯಾಗಿ, ಶ್ವಾಸಕೋಶದ ಗಾಳಿ ಅರ್ಧದಷ್ಟು ಗಾತ್ರಕ್ಕೆ ಕುಗ್ಗುತ್ತದೆ. ಕಿವಿಗೆ ಈ ಒತ್ತಡ ಮೊದಲ ಒಂದೆರಡು ಮೀಟರಿನಲ್ಲಿಯೇ ತಿಳಿಯುತ್ತದೆ. ನೋವು ಬರುವ ಮೊದಲೇ ಮೂಗು ಹಿಡಿದು ಮೃದುವಾಗಿ ಗಾಳಿಯೊತ್ತಿ ಕಿವಿಯನ್ನು ಸಮಗೊಳಿಸುವುದನ್ನು ಶಿಕ್ಷಕರು ಕಲಿಸುತ್ತಾರೆ. ಆಗದಿದ್ದರೆ ಬಲವಂತ ಮಾಡದೆ ಮೇಲೆ ಬರಬೇಕು; ಇಲ್ಲವಾದರೆ ಕಿವಿಯ ತಮಟೆ ಹರಿಯಬಹುದು.

ಒಂಟಿಯಾಗಿ ಎಂದೂ ಮುಳುಗಬಾರದು. ಒಬ್ಬರು ಮುಳುಗಿದಾಗ ಇನ್ನೊಬ್ಬರು ಮೇಲಿದ್ದು ಕಾಯಬೇಕು. ಮುಳುಗಿದವರು ಮೇಲೆ ಬಂದ ಬಳಿಕವೂ ಅರ್ಧ ನಿಮಿಷ ಅವರ ಮೇಲೆ ಕಣ್ಣಿಟ್ಟಿರಬೇಕು. ಪ್ರಜ್ಞೆ ತಪ್ಪುವುದು ಹೆಚ್ಚಾಗಿ ನೀರಿನ ಮೇಲ್ಮೈಗೆ ಸಮೀಪದಲ್ಲಿಯೇ. ಮುಳುಗಿದಷ್ಟು ಹೊತ್ತಿನ ಇಮ್ಮಡಿಯಾದರೂ ವಿಶ್ರಾಂತಿ ಬೇಕು. ನೆಗಡಿ ಇದ್ದಾಗ, ಹೊಟ್ಟೆ ತುಂಬ ಉಂಡಾಗ ನೀರಿಗಿಳಿಯಬಾರದು. ಹೃದ್ರೋಗ, ಅಪಸ್ಮಾರ, ಉಬ್ಬಸ, ರಕ್ತದೊತ್ತಡವುಳ್ಳವರು ವೈದ್ಯರ ಒಪ್ಪಿಗೆಯಿಲ್ಲದೆ ಇದಕ್ಕೆ ಕೈಹಾಕಬಾರದು. ಗರ್ಭಿಣಿಯರಿಗೆ ಇದು ವರ್ಜ್ಯ.

ಆ ಯುವಕನು ಈಗಲೂ ನಿತ್ಯ ಪ್ರಾಣಾಯಾಮ ಮಾಡುತ್ತಾನೆ, ಮನೆಯ ಚಾಪೆಯ ಮೇಲೆ. ಮುಳುಗುವುದು ಶಿಕ್ಷಕರ ಕಣ್ಣೆದುರಿನಲ್ಲಿ ಮಾತ್ರ. ರಜೆಯಲ್ಲಿ ಬಾವಿ, ಕೆರೆಗಳಿಗೆ ಹೊರಡುವ ನಿಮ್ಮ ಮಕ್ಕಳಿಗೂ ಈ ಒಂದು ಮಾತನ್ನು ತಿಳಿಸಿ ಕಳುಹಿಸಿರೆಂದು ಭಕ್ತಬಂಧುಗಳಲ್ಲಿ ನಮ್ಮ ವಿನಂತಿ.