ಕಾಕಾನ ಅಂಗಡಿಗೆ ಚೀನಾದ ಟೀ ಪಾಟ್

ನಮ್ಮ ಬಾಗಲಕೋಟೆ ಕಡೆ ಚಹಾ ಎಂದರೆ ಒಂದೇ ಬಗೆ. ನೀರು, ಹಾಲು, ಸಕ್ಕರೆ, ಪುಡಿ ಎಲ್ಲ ಕೂಡಿಸಿ ಕುದಿಸಬೇಕು. ಶುಂಠಿ ಜಜ್ಜಿ ಹಾಕಿ ಮತ್ತೊಮ್ಮೆ ಕುದಿಸಬೇಕು. ಅದಕ್ಕೊಂದು ಪಾತ್ರೆ, ಸೋಸಲು ಬಟ್ಟೆ, ಒಂದು ಕಿಟ್ಲಿ ಇದ್ದರೆ ಸಾಕು. ಮಹಾಕೂಟದಲ್ಲಿ ನಮ್ಮ ಕಾಕಾ ಹನ್ನೆರಡು ವರ್ಷಗಳಿಂದ ಹೀಗೆಯೇ ಚಹಾದಂಗಡಿ ನಡೆಸಿದ್ದಾರೆ. ಹೊಂಡದಲ್ಲಿ ಮಿಂದು, ಮಹಾಕೂಟೇಶ್ವರನ ದರ್ಶನ ಮುಗಿಸಿ ಬರುವವರಿಗೆ ಆ ಚಹಾ ಬೇಕೇ ಬೇಕು.

ಆದರೆ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಬಂದ ಪ್ರವಾಸಿಗರೂ ಚಾಲುಕ್ಯರ ಗುಡಿಗಳನ್ನು ಹುಡುಕಿಕೊಂಡು ಇಲ್ಲಿಗೆ ಬರುತ್ತಾರೆ. ಅವರಲ್ಲಿ ಕೆಲವರು ಗ್ರೀನ್ ಟೀ ಕೇಳುತ್ತಾರೆ, ಕೆಲವರು ಹಾಲಿಲ್ಲದ ಚಹಾ, ಕೆಲವರು ನಿಂಬೆ ಚಹಾ. ಇಲ್ಲ ಎಂದರೆ ನೀರಿನ ಬಾಟಲಿ ಕೊಂಡು ಹೊರಟುಬಿಡುತ್ತಾರೆ. ಈ ಸಲ ರಜೆಗೆ ಹೋದಾಗ ಕಾಕಾ ಹೇಳಿದರು: “ಇಂಜಿನಿಯರಿಂಗ್ ಓದಾಕತ್ತೀಯಲ್ಲ ತಮ್ಮಾ, ಒಂದು ಚೀನಾ ಟೀ ಸೆಟ್ ನೋಡಿ ಆರಿಸಿ ಕೊಡು. ಮೂರು ಸಾವಿರದ ಮ್ಯಾಲ ಹೋಗಬ್ಯಾಡ.” ಮಳೆಗಾಲದಲ್ಲಿ ಮೂರು ಸಾವಿರ ಎಂದರೆ ಅವರಿಗೆ ಒಂದು ವಾರದ ದುಡಿಮೆ.

ಚಹಾ ಕುಡಿಯುವುದರಲ್ಲಿ ನಾವು ಚೀನಾಕ್ಕೆ ಹಳೆಯ ಸಾಲಗಾರರು. ನಾವು ‘ಚಹಾ’ ಎನ್ನುವುದು ಅಲ್ಲಿಯ ‘ಚಾ’ದಿಂದ ಬಂದದ್ದು. ಬೆಂಗಳೂರಿನವರು ‘ಟೀ’ ಎನ್ನುವುದೂ ಚೀನಾದ್ದೇ, ಅಲ್ಲಿಯ ಫುಜಿಯಾನ್ ಕರಾವಳಿಯ ಮಾತಿನಿಂದ ಬಂದದ್ದು. ಹಸಿರು, ಕಪ್ಪು, ಊಲಾಂಗ್ ಎಲ್ಲ ಚಹಾಗಳೂ ಒಂದೇ ಜಾತಿಯ ಗಿಡದ ಎಲೆಗಳು. ಎಲೆಯನ್ನು ಹದಮಾಡುವ ರೀತಿಯಷ್ಟೇ ಬೇರೆ. ಹಾಗಾಗಿ ನೀರಿನ ಬಿಸಿಯೂ ಬೇರೆ ಬೇಕು. ಕಪ್ಪು ಚಹಾಕ್ಕೆ ಕುದಿಯುವ ನೀರು ಸರಿ. ಹಸಿರು ಚಹಾಕ್ಕೆ 70ರಿಂದ 80 ಡಿಗ್ರಿ ಸಾಕು, ಅದಕ್ಕಿಂತ ಹೆಚ್ಚು ಬಿಸಿಯಾದರೆ ಒಗರು, ಕಹಿ ಬಿಡುತ್ತದೆ. ಹಾಲು ಹಾಕಿದ ಚಹಾದಲ್ಲಿ ಹಾಲಿನ ಪ್ರೋಟೀನ್ ಆ ಒಗರನ್ನು ಹಿಡಿದುಕೊಳ್ಳುತ್ತದೆ. ಕಾಕಾ ಎಷ್ಟು ಕುದಿಸಿದರೂ ನಮಗೆ ರುಚಿ ಎನಿಸುವುದಕ್ಕೆ ಅದೂ ಒಂದು ಕಾರಣ.

ಇನ್ನು ಪಾಟ್‌ಗಳ ವಿಷಯ. ಚೀನಾದ ಹೆಸರಾಂತ ಸೆಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಜಿಯಾಂಗ್ಸು ಪ್ರಾಂತ್ಯದ ಯಿಶಿಂಗ್ ಊರಿನ ಕಂದು-ನೇರಳೆ ಮಣ್ಣಿನ ಪಾಟ್. ಇದಕ್ಕೆ ಮೆರುಗು ಹಚ್ಚುವುದಿಲ್ಲ. ಮಣ್ಣಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಅವು ಚಹಾದ ವಾಸನೆಯನ್ನು ಹೀರಿಕೊಳ್ಳುತ್ತವೆ. ಅದಕ್ಕೇ ಬಲ್ಲವರು ಒಂದು ಪಾಟ್‌ನಲ್ಲಿ ಒಂದೇ ಬಗೆಯ ಚಹಾ ಮಾಡುತ್ತಾರೆ, ಸೋಪು ಹಚ್ಚಿ ತೊಳೆಯುವುದಿಲ್ಲ. ಇನ್ನೊಂದು ಜಿಯಾಂಗ್‌ಶಿ ಪ್ರಾಂತ್ಯದ ಜಿಂಗ್‌ಡೆಜೆನ್ ಊರು ಹೆಸರು ಮಾಡಿದ ಬಿಳಿ ಪಿಂಗಾಣಿ. ಸುಮಾರು 1300 ಡಿಗ್ರಿಯಲ್ಲಿ ಸುಟ್ಟ ಈ ಪಿಂಗಾಣಿಯ ಮೈ ಗಾಜಿನಂತೆ ನುಣುಪು, ವಾಸನೆ ಹಿಡಿಯುವುದಿಲ್ಲ. ನಮ್ಮ ಕರೆಂಟ್ ಕಂಬದ ಮೇಲಿನ ಇನ್ಸುಲೇಟರ್ ಕೂಡ ಇದೇ ವರ್ಗದ ವಸ್ತು. ಮಳೆಯಲ್ಲಿ ನೆನೆದರೂ ಒಳಗೆ ನೀರು ಹೀರದಿರುವುದೇ ಅದರ ಗುಣ.

ಅಂತರ್ಜಾಲದಲ್ಲಿ ಯಿಶಿಂಗ್ ಪಾಟ್‌ಗಳ ಚಿತ್ರ ನೋಡಿ ಕಾಕಾನ ಮಗನಿಗೆ ಅದೇ ಬೇಕಾಗಿತ್ತು. ನೋಡಲು ಚೆಂದವೇ. ಆದರೆ ಅಂಗಡಿಯಲ್ಲಿ ಬೆಳಿಗ್ಗೆ ಗ್ರೀನ್ ಟೀ, ಮಧ್ಯಾಹ್ನ ನಿಂಬೆ ಚಹಾ, ಸಂಜೆ ಪುದೀನಾ ಚಹಾ ಒಂದೇ ಪಾಟ್‌ನಲ್ಲಿ ಆಗಬೇಕು. ತೊಳೆಯುವವರು ಸೋಪಿನ ಪುಡಿ ಹಾಕಿ ಉಜ್ಜುತ್ತಾರೆ. ಸಾಲದ್ದಕ್ಕೆ ಆ ಸೆಟ್‌ನ ಪಾಟ್ ಹಿಡಿಯುವುದು 150 ಮಿ.ಲೀ. ಮಾತ್ರ. ಚೀನಾದ ಪದ್ಧತಿಯಲ್ಲಿ ಅಷ್ಟು ಸಣ್ಣ ಪಾಟ್‌ಗೆ ಹೆಚ್ಚು ಎಲೆ ಹಾಕಿ, ಅರ್ಧ ನಿಮಿಷಕ್ಕೊಮ್ಮೆ ಬಗ್ಗಿಸಿ, ಅದೇ ಎಲೆಗೆ ಐದಾರು ಸಲ ನೀರು ಹಾಕುತ್ತಾರೆ. ಮನೆಯಲ್ಲಿ ಕೂತು ಸವಿಯುವವರಿಗೆ ಅದು ಸರಿ. ಬಸ್ಸಿನ ಹಾರ್ನ್ ಕೇಳಿ ಓಡುವ ನಾಲ್ವರಿಗೆ 600 ಮಿ.ಲೀ. ಒಂದೇ ಸಲ ಬೇಕು. ಅಲ್ಲಿಗೆ ಬಿಳಿ ಪಿಂಗಾಣಿ ಎಂದು ತೀರ್ಮಾನವಾಯಿತು.

ಬಾಗಲಕೋಟೆಯ ಪಾತ್ರೆ ಅಂಗಡಿಯಲ್ಲಿ ನಾನು ಪರೀಕ್ಷಿಸಿದ್ದು ಇಷ್ಟು. ನೀವೂ ಯಾವ ಪಾಟ್ ಕೊಳ್ಳುವಾಗಲೂ ಮಾಡಬಹುದು.

ಪಾಟ್ ಅನ್ನು ಅಂಗೈ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ತಟ್ಟಿ. ಖಣ್ ಎಂದರೆ ಸರಿ, ಬೊದ್ದು ಸದ್ದು ಬಂದರೆ ಎಲ್ಲೋ ಬಿರುಕಿದೆ. ಸೊಂಡಿಯ ತುದಿ ಪಾಟ್‌ನ ಬಾಯಿಯ ಮಟ್ಟಕ್ಕಿಂತ ಕೆಳಗಿರಬಾರದು, ಇದ್ದರೆ ಪಾಟ್ ತುಂಬುವ ಮೊದಲೇ ಸೊಂಡಿಯಿಂದ ಸುರಿಯುತ್ತದೆ. ನೀರು ತುಂಬಿ ಬಗ್ಗಿಸುತ್ತಾ ಮುಚ್ಚಳದ ಮೇಲಿನ ಸಣ್ಣ ತೂತನ್ನು ಬೆರಳಿನಿಂದ ಮುಚ್ಚಿ. ಧಾರೆ ನಿಂತರೆ ಮುಚ್ಚಳ ಬಿಗಿಯಾಗಿ ಕೂತಿದೆ ಎಂದರ್ಥ. ಹೊರಗಿನ ಗಾಳಿಯ ಒತ್ತಡವೇ ನೀರನ್ನು ತಡೆಯುತ್ತದೆ, ಹೈಸ್ಕೂಲಿನಲ್ಲಿ ಓದಿದ ಪಾಠ. ಬಗ್ಗಿಸಿ ನಿಲ್ಲಿಸಿದ ಮೇಲೆ ಸೊಂಡಿಯ ಕೆಳಗೆ ಹನಿ ಇಳಿಯುತ್ತದೆಯೇ ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಳಗಿನ ಬಣ್ಣ. ಕಳಪೆ ಮಾಲಿನ ಢಾಳು ಬಣ್ಣಗಳಲ್ಲಿ, ಮೆರುಗಿನಲ್ಲಿ ಸೀಸ ಇರಬಹುದು. ನಿಂಬೆಯ ಹುಳಿ ಅದನ್ನು ಕರಗಿಸುತ್ತದೆ. ಕಾಕಾ ನಿಂಬೆ ಚಹಾ ಮಾರುವವರು. ಅದಕ್ಕೇ ಕೆಂಪು, ಬಂಗಾರದ ಡ್ರಾಗನ್ ಇದ್ದ ಸೆಟ್ ಬಿಟ್ಟು, ಒಳಗೂ ಹೊರಗೂ ಬರೀ ಬಿಳಿ ಇರುವುದನ್ನೇ ಆರಿಸಿದೆ. ಕಪ್‌ಗಳಿಗೆ ಹಿಡಿಕೆ ಇರಲಿ ಎಂದೆ. ಹಿಡಿಕೆಯಿಲ್ಲದ ಚೀನೀ ಬಟ್ಟಲುಗಳನ್ನು ಅಂಚಿನಲ್ಲಿ ಹಿಡಿಯುವ ರೂಢಿ ನಮ್ಮಲ್ಲಿ ಎಲ್ಲರಿಗೂ ಇಲ್ಲ.

ಪಾಟ್, ಒಳಗಿನ ಸ್ಟೀಲ್ ಜಾಲರಿ, ಆರು ಕಪ್ ಸೇರಿ 1,400 ರೂಪಾಯಿ. ಉಳಿದ ದುಡ್ಡಿನಲ್ಲಿ ಒಳ್ಳೆಯ ಎಲೆ ಚಹಾ ಕೊಂಡೆವು. ಆಮೇಲೆ ಲೆಕ್ಕ ಹಾಕಿದೆವು. ನಾಲ್ವರಿಗೆ ಒಂದು ಪಾಟ್ 120 ರೂಪಾಯಿ. ಎಲೆಗೆ 12, ಗ್ಯಾಸು, ನಿಂಬೆಗೆ 8 ತೆಗೆದರೆ ಉಳಿಯುವುದು 100. ಹದಿನಾಲ್ಕು ಪಾಟ್ ಮಾರಿದರೆ ಸೆಟ್ಟಿನ ಬೆಲೆ ವಾಪಸ್. “ಒಡೆದರ?” ಎಂದು ಕಾಕಿ ಕೇಳಿದರು. ಮೊದಲು ಒಡೆಯುವುದು ಮುಚ್ಚಳ. ಹಾಗಾಗಿ ಮುಚ್ಚಳದ ಗುಬುಟಿಗೂ ಹಿಡಿಕೆಗೂ ದಾರ ಕಟ್ಟಿದ್ದೇವೆ. ಎಲೆ ಹಾಕುವ ಮೊದಲು ಪಾಟ್ ಅನ್ನು ಒಮ್ಮೆ ಬಿಸಿನೀರಿನಲ್ಲಿ ಅಲುಗಾಡಿಸಿ ಚೆಲ್ಲಬೇಕು, ತಣ್ಣಗಿದ್ದ ಪಾಟ್‌ಗೆ ಕುದಿನೀರು ಸುರಿದರೆ ಬಿರುಕು ಬಿಡಬಹುದು ಎಂದು ಹೇಳಿಕೊಟ್ಟಿದ್ದೇನೆ. ಮಂಗಗಳ ಕಾಟಕ್ಕೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಕಾಕಾ ಒಳಗಿನ ಕಪಾಟಿನಲ್ಲಿ ಇಟ್ಟು ಚಿಲಕ ಹಾಕುತ್ತಾರೆ.

ಹಾಸ್ಟೆಲಿನಲ್ಲಿ ಒಬ್ಬರೇ ಕುಡಿಯುವವರಾದರೆ ನಿಮ್ಮ ಲೆಕ್ಕ ಬೇರೆಯಾಗುತ್ತದೆ. 250 ಮಿ.ಲೀ. ಪಾಟ್ ಧಾರಾಳವಾಯಿತು. ದಿನವೂ ಒಂದೇ ಬಗೆಯ ಚಹಾ ಕುಡಿಯುವ ಹವ್ಯಾಸಿಯಾದರೆ ಯಿಶಿಂಗ್ ಪಾಟ್ ಬಗ್ಗೆಯೂ ಯೋಚಿಸಬಹುದು. ಹಾಲಿನ ಚಹಾವೇ ಬೇಕು ಎನ್ನುವವರು ಪಾಟ್‌ಗೆ ದುಡ್ಡು ಹಾಕಲೇಬೇಡಿ. ಸೊಂಡಿಯೊಳಗೆ ಹಾಲು ಅಂಟಿ ಮರುದಿನ ವಾಸನೆ ಬರುತ್ತದೆ.

ಕಾಕಾನ ಒಲೆಯ ಮೇಲೆ ಹಳೆಯ ಪಾತ್ರೆ ಈಗಲೂ ಕುದಿಯುತ್ತಿರುತ್ತದೆ. ದಿನದ ದುಡಿಮೆ ಬರುವುದು ಅದರಿಂದಲೇ. ಪಿಂಗಾಣಿ ಪಾಟ್‌ನ ಲೆಕ್ಕವನ್ನು ಅವರು ಗೋಡೆಯ ಕ್ಯಾಲೆಂಡರ್ ಮೇಲೆ ಗೀಟು ಎಳೆದು ಇಡುತ್ತಿದ್ದಾರೆ. ನಾನು ಕಾಲೇಜಿಗೆ ಮರಳುವ ದಿನಕ್ಕೆ ಒಂಬತ್ತು ಗೀಟುಗಳಾಗಿದ್ದವು.